ಅಜ್ಜಾರ ಉಣ್ಣೆಪಟ್ಟಿಗೆ ಹುಣಸೆ ಬೀಜದ ಗಂಜಿ

ಹುಣಸೆ ಬೀಜ ಎಸೆಯಲು ನನಗೆ ಕೈ ಬರುವುದಿಲ್ಲ. ಸಾರಿಗೆ ಹುಳಿ ಕಿವುಚುವಾಗ ಬೀಜ ಸಿಕ್ಕರೆ ತೊಳೆದು, ಕಿಟಕಿಯಲ್ಲಿ ಒಣಗಿಸಿ, ಬಿಸ್ಕೀಟಿನ ಹಳೆಯ ಡಬ್ಬಿಗೆ ಹಾಕಿಡುತ್ತೇನೆ. ಯಾಕೆಂದು ಕೇಳಿದರೆ ನೆಟ್ಟಗೆ ಉತ್ತರವಿಲ್ಲ. ಪುಣೆಯ ಧನಕವಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಮನುಷ್ಯರಿಗೆ ಕಾಲು ಚಾಚಲು ಜಾಗವಿಲ್ಲ, ಹುಣಸೆ ಬೀಜಕ್ಕೆ ಮಾತ್ರ ಗೂಡಿನಲ್ಲಿ ಖಾಯಂ ಜಾಗ.

ಮೊನ್ನೆ ಆ ಡಬ್ಬಿ ಕೈ ಜಾರಿ ಬಿತ್ತು. ಬೀಜಗಳೆಲ್ಲ ಶಾಲೆ ಬಿಟ್ಟ ಮಕ್ಕಳ ಹಾಗೆ ಮಂಚದ ಕೆಳಗೆ, ಗ್ಯಾಸ್ ಸಿಲಿಂಡರಿನ ಹಿಂದೆ ಓಡಿದವು. ನೆಲಕ್ಕೆ ಕೂತು ಆರಿಸುತ್ತಿದ್ದೆ. ಏನು ಹೊಳೆಯಿತೋ, ಒಂದು ಬೀಜವನ್ನು ನೆಲಕ್ಕೆ ಗಸಗಸ ತಿಕ್ಕಿ ಮುಂಗೈಗೆ ತಾಗಿಸಿಕೊಂಡೆ. ಚುರ್ ಎಂದಿತು. ನೀವೂ ಚಿಕ್ಕವರಿದ್ದಾಗ ಮಾಡಿರುತ್ತೀರಿ. ಬೀಜ ಕಾಯಿಸಿ ಪಕ್ಕದವಳ ತೋಳಿಗೆ ಇಟ್ಟು, ಅವಳು "ಯಪ್ಪಾ!" ಎಂದಾಗ ಏನೂ ಗೊತ್ತಿಲ್ಲದವರ ಹಾಗೆ ಕಪ್ಪು ಹಲಗೆ ನೋಡುವುದು. ನಮ್ಮ ಊರ ಶಾಲೆಯಲ್ಲಿ ನಾನು ಈ ವಿದ್ಯೆಯಲ್ಲಿ ಮುಂದಿದ್ದೆ, ಉಳಿದವುಗಳಲ್ಲಿ ಹಿಂದೆ.

ಈ ವಿದ್ಯೆಯಲ್ಲಿ ನನ್ನನ್ನೂ ಮೀರಿಸಿದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ಆರ್ಚ್‌ಬಿಷಪ್ ಆಗಿದ್ದವರು.

ನಗಬೇಡಿ. ನಾವು ಅವರನ್ನು ಅಜ್ಜಾರು ಎನ್ನುತ್ತಿದ್ದೆವು. ನಮ್ಮ ಬಿಜಾಪುರದ ಕಡೆ ಮಠದ ಸ್ವಾಮಿಗಳಿಗೆ ಹಾಗೆನ್ನುತ್ತಾರೆ. ಇವರು ಇಟಲಿ ದೇಶದಿಂದ ಬಂದ ಕ್ಯಾಥೊಲಿಕ್ ಗುರುಗಳು. ಅವರು ಹೋಗಿ ಇನ್ನೂ ಒಂದು ಮಳೆಗಾಲ ಕಳೆದಿಲ್ಲ. ಹಿಟ್ಟು ನಾದುವಾಗ ಈಗಲೂ ನನ್ನ ಕೈ ಅವರ ಪಾಲಿನದನ್ನೂ ಸೇರಿಸಿಯೇ ತೆಗೆಯುತ್ತದೆ. ಉಳಿದ ರೊಟ್ಟಿಯನ್ನು ಮರುದಿನ ಮುರಿದು ಒಗ್ಗರಣೆ ಹಾಕಿ ತಿನ್ನುತ್ತೇವೆ. ದುಃಖ ಒಂದು ಕಡೆ, ರೊಟ್ಟಿ ಒಂದು ಕಡೆ.

ಪುಣೆ ಕ್ಯಾಂಪಿನಲ್ಲಿ ವಯಸ್ಸಾದ ಪಾದ್ರಿಗಳಿರುವ ಒಂದು ಹಳೆಯ ಬಂಗಲೆಯಲ್ಲಿ ನಾನು ಅಡುಗೆ ಮಾಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ದಿನ, ಮಾಳಿಗೆಯ ಕೋಣೆಯಲ್ಲಿ ಪರದೇಶದ ದೊಡ್ಡ ಗುರುಗಳಿದ್ದಾರೆ, ಚಹಾ ಕೊಟ್ಟು ಬಾ ಎಂದರು. ನಾನು ಓದಿದ್ದು ಹತ್ತನೇ ಇಯತ್ತೆ, ಅದೂ ಕನ್ನಡದಲ್ಲಿ. ಮೆಟ್ಟಿಲು ಹತ್ತುತ್ತ "ಗುಡ್ ಮಾರ್ನಿಂಗ್ ಸರ್, ಟೀ ಸರ್" ಎಂದು ಬಾಯಿಪಾಠ ಮಾಡಿಕೊಂಡೆ. ಬಾಗಿಲಲ್ಲಿ ನಿಂತು ಒಪ್ಪಿಸಿದೆ. ಒಳಗೆ ಬಿಳಿ ಗಡ್ಡದ, ಕೆಂಪು ಮೂಗಿನ ಮುದುಕರು ಕನ್ನಡಕ ಏರಿಸಿ ನನ್ನ ಸೀರೆ ಉಟ್ಟ ರೀತಿಯನ್ನೇ ನೋಡಿದರು.

"ಯಾವೂರ ಆತವಾ ನಿಂದು?"

ಕಪ್ಪಿನ ಅರ್ಧ ಚಹಾ ಬಸಿಗೆ ಚೆಲ್ಲಿತು. "ಬಿಜಾಪುರ ಕಡೇದ್ರೀ" ಎಂದೆ.

"ಅದು ನನಗ ಕಾಣ್ತದ. ಊರ ಹೆಸರ ಹೇಳು. ಮತ್ತ ಹೇಳು, ಝುಣಕ ಮಾಡಾಕ ಬರ್ತದೇನು? ಇಲ್ಲಿ ಎಲ್ಲಾರೂ ನನಗ ಸೂಪು ಕುಡಿಸಿ ಕುಡಿಸಿ ಸಾಯಿಸಾಕತ್ಯಾರ."

ಅಂದಿನಿಂದ ಅವರಿಗೆ ನಾನು ಮಾದೇವಿ, ಅವರು ನನಗೆ ಅಜ್ಜಾರು.

ಅವರ ಕತೆ ಅವರ ಬಾಯಲ್ಲೇ ಚೆಂದ. ಇಟಲಿಗೆ ಸೇರಿದ ಸಾರ್ಡಿನಿಯಾ ಎಂಬ ದ್ವೀಪ. ಅಲ್ಲಿ ಜನಕ್ಕಿಂತ ಕುರಿಗಳೇ ಹೆಚ್ಚಂತೆ. ಅಪ್ಪ ಕುರಿ ಕಾಯುವವನು. ಮಗನಿಗೆ ಕುರಿ ಅಂದರೆ ಆಗದು. ಆ ವಾಸನೆ, ಆ ಚಳಿ, ಆ ಒಂದೇ ಸಮನೆ ಬ್ಯಾ ಬ್ಯಾ. "ಎಲ್ಲಾರೂ ದೇವರು ಕರದಾ ಅಂತ ಗುರು ಆಗ್ತಾರ, ನಾ ಕುರಿ ಬ್ಯಾಡಂತ ಆದೆ" ಎನ್ನುತ್ತಿದ್ದರು. ಗುರುಗಳಾದ ಮೇಲೆ ಹಡಗು ಹತ್ತಿ ಮುಂಬಯಿಗೆ ಬಂದರು. ಅಲ್ಲಿಂದ ಬಿಜಾಪುರದ ಕಡೆ ಒಂದು ಹಳ್ಳಿಗೆ ಕಳಿಸಿದರು. ರೈಲು ಇಳಿದು ಕಣ್ಣು ತಿಕ್ಕಿ ನೋಡಿದರೆ ಎದುರಿಗೆ ಏನು? ಕುರಿ ಹಿಂಡು! "ಸಮುದ್ರ ದಾಟಿ ಬಂದೇನಿ, ಇವು ನನಗಿಂತ ಮೊದಲ ಬಂದು ನಿಂತಾವ!" ಕನ್ನಡವನ್ನೂ ಅವರು ಕಲಿತದ್ದು ಕುರುಬರ ಜೊತೆ ಅಡ್ಡಾಡಿಯೇ. ಹಾಗಾಗಿ ಬೈಗುಳ ಮೊದಲು ಬಂದವು, ಪ್ರಾರ್ಥನೆ ಆಮೇಲೆ.

ಅಪ್ಪ ಸತ್ತ ಸುದ್ದಿ ಅವರಿಗೆ ಆ ಹಳ್ಳಿಯಲ್ಲಿ ಇದ್ದಾಗಲೇ ಬಂತು. ಹೋಗಲು ಆಗಲಿಲ್ಲ. ಇವರು ಭಾರತಕ್ಕೆ ಹೊರಟ ದಿನ ಹಡಗುಕಟ್ಟೆಗೂ ಅಪ್ಪ ಬಂದಿರಲಿಲ್ಲವಂತೆ. "ಕುರಿ ಬಿಟ್ಟು ಹ್ಯಾಂಗ ಬರ್ತಾನ?" ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಅದನ್ನು ಹೇಳಿದ ದಿನ ರೊಟ್ಟಿ ಒಂದು ಕಡಿಮೆ ತಿಂದರು.

ಮುಂದೆ ಬಿಷಪ್ ಆದರು. ಆಮೇಲೆ ಉತ್ತರದ ಕಡೆ ದೊಡ್ಡ ಊರೊಂದಕ್ಕೆ ಆರ್ಚ್‌ಬಿಷಪ್ ಆದರು. ಅಲ್ಲಿ ಹಿಂದಿಯಲ್ಲಿ ಉಪದೇಶ ಮಾಡಬೇಕು. ಅವರ ಹಿಂದಿ ಹೇಗಿತ್ತೆಂದರೆ, ಮಾತು ಹಿಂದಿ, ರಾಗ ಬಿಜಾಪುರ ಸಂತೆ. ಜನ ಗಂಭೀರವಾಗಿ ಕೇಳುತ್ತಿದ್ದರಂತೆ. ಪರದೇಶದವರು ಹಿಂದಿ ಮಾತಾಡಿದರೆ ಹೀಗೇ ಇರುತ್ತದೆ ಎಂದುಕೊಂಡರೋ ಏನೋ. ನಿವೃತ್ತಿಯಾದ ಮೇಲೆ ಬಿಜಾಪುರಕ್ಕೆ ಹೋಗುತ್ತೇನೆ ಎಂದರು, ಎದೆಯ ಡಾಕ್ಟರು ಬಿಡಲಿಲ್ಲ. ಮೇಲಿನವರು ಇಟಲಿಗೆ ಕಳಿಸುತ್ತೇವೆ ಎಂದರು, ಇವರು ಒಪ್ಪಲಿಲ್ಲ. ಕೊನೆಗೆ, ಬಿಜಾಪುರದ ಬಸ್ಸಾದರೂ ಬರುವ ಊರಿನಲ್ಲಿ ಇರುತ್ತೇನೆ ಎಂದು ಪುಣೆ ಆರಿಸಿಕೊಂಡರು.

ಭಾರತದ ಪೌರತ್ವ ತೆಗೆದುಕೊಂಡು ಬಹಳ ವರ್ಷವಾಗಿತ್ತು. ಮತ ಹಾಕುವ ದಿನ ನನಗಿಂತ ಮೊದಲು ತಯಾರಾಗಿ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಒಮ್ಮೆ ಮತಗಟ್ಟೆಯಲ್ಲಿ ಒಬ್ಬ ಹುಡುಗಿ ಸಂಶಯದಿಂದ, "ಬಾಬಾ, ತುಮ್ಹೀ ಕುಠಲೇ?" ಎಂದು ಮರಾಠಿಯಲ್ಲಿ ಊರು ಕೇಳಿದಳು. ಇವರು ಎದೆಯುಬ್ಬಿಸಿ "ವಿಜಾಪೂರ!" ಎಂದರು. ಅವಳು ಇವರ ಕೆಂಪು ಮೂಗು ನೋಡಿ, ಆಮೇಲೆ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆ ಆಡಿಸಿದೆ. ಸುಳ್ಳೇನೂ ಅಲ್ಲವಲ್ಲ.

ಈಗ ಬೀಜದ ವಿಷಯಕ್ಕೆ ಬರುತ್ತೇನೆ. ಬರುವ ಮುಂಚೆ ಇನ್ನಿಬ್ಬರನ್ನು ನಿಮಗೆ ಪರಿಚಯ ಮಾಡಿಸಬೇಕು.

ಒಬ್ಬರು ಬಂಗಲೆ ನೋಡಿಕೊಳ್ಳುವ ಫಾದರ್ ವಿಲ್ಸನ್. ಮಂಗಳೂರು ಕಡೆಯವರು, ವಯಸ್ಸು ಚಿಕ್ಕದು, ಶಿಸ್ತು ದೊಡ್ಡದು. ಬಾಗಿಲ ಕೀಲು ಕಿರುಗುಟ್ಟಿದರೂ ಅವರಿಗೆ ನಿದ್ದೆ ಇಲ್ಲ. ಅಜ್ಜಾರು ಹುಣಸೆ ಬೀಜ ಕಾಯಿಸಿ ಇಟ್ಟದ್ದು ಈ ಫಾದರಿನ ಮುಂಗೈಗೇ. ಅಂಗಳದ ಕಟ್ಟೆಯ ಮೇಲೆ ಅವರ ಪಕ್ಕ ಕೂತು, ಬೀಜವನ್ನು ಕಲ್ಲಿಗೆ ಮೆಲ್ಲಗೆ ತಿಕ್ಕುತ್ತಾ, ಮುಖದ ತುಂಬ ಭಕ್ತಿ ಇಟ್ಟುಕೊಂಡು! "ಅಯ್ಯೋ! ಎಂತ ಮಾರಾಯ್ರೆ ಇದು, ನಿಮ್ಮ ಪ್ರಾಯಕ್ಕೆ!" ಎಂದು ಫಾದರ್ ಹಾರಿ ಎದ್ದರು. ಅಜ್ಜಾರು ಆಕಾಶ ನೋಡುತ್ತಿದ್ದರು. ಆ ಬೀಜ ನನ್ನ ಅಡುಗೆಮನೆಯದು ಎಂದು ಫಾದರಿಗೆ ಗೊತ್ತಾಗಿ, ನನಗೂ ಸ್ವಲ್ಪ ಉಪದೇಶವಾಯಿತು.

ಇನ್ನೊಬ್ಬರು ನಮ್ಮ ಅತ್ತೆ, ಬೀರವ್ವ. ಹುಟ್ಟಿದ ಮನೆ, ಕೊಟ್ಟ ಮನೆ ಎರಡೂ ಕಂಬಳಿ ನೇಯುವ ಮನೆಗಳು. ಆಮೇಲೆ ಮಗ್ಗ ನಿಂತಿತು, ಮಾವ ಗಾರೆ ಕೆಲಸಕ್ಕೆಂದು ಪುಣೆಗೆ ಬಂದರು, ಅತ್ತೆ ಇಟ್ಟಿಗೆ ಹೊತ್ತರು. ಆದರೂ ಕೈಗೆ ಅಂಟಿದ್ದು ಹೋಗುವುದಿಲ್ಲ ನೋಡಿ. ಬಸ್ಸಿನಲ್ಲಿ ಮುಂದೆ ಕೂತ ಯಾವುದೋ ಮರಾಠಿ ಹೆಂಗಸಿನ ಶಾಲನ್ನು ಹಿಂದಿನಿಂದ ಎರಡು ಬೆರಳಲ್ಲಿ ಹಿಸುಕಿ, "ಇದ್ರಾಗ ಉಣ್ಣಿ ಇಲ್ಲವಾ, ಪ್ಲಾಸ್ಟಿಕ್ ಅದ. ಎಷ್ಟ ಕೊಟ್ಟಿ?" ಎಂದು ಶುದ್ಧ ಕನ್ನಡದಲ್ಲಿ ವಿಚಾರಿಸುವವರು. ನಾನು ಆಗ ಕಿಟಕಿಯ ಆಚೆ ನೋಡುತ್ತೇನೆ.

ಒಂದು ದಿನ ಅಜ್ಜಾರು ಟ್ರಂಕಿನಿಂದ ಒಂದು ಪೆಟ್ಟಿಗೆ ತೆಗೆಸಿದರು. ಅದರೊಳಗೆ ಮೂರು ಬೆರಳಗಲದ ಬಿಳಿ ಉಣ್ಣೆಪಟ್ಟಿ. ಹೆಗಲ ಸುತ್ತ ಬಳೆಯಂತೆ ಕೂರುವುದು, ಎದೆಗೊಂದು ಬಾಲ, ಬೆನ್ನಿಗೊಂದು ಬಾಲ, ಅಲ್ಲಲ್ಲಿ ಕಪ್ಪು ರೇಷ್ಮೆಯ ಶಿಲುಬೆ. ಪ್ಯಾಲಿಯಂ ಎನ್ನುತ್ತಾರೆ. ಕುರಿಮರಿಯ ಉಣ್ಣೆಯಿಂದ ನೇಯ್ದು, ರೋಮಿನಲ್ಲಿ ಪೋಪರು ಆಶೀರ್ವದಿಸಿ, ಆರ್ಚ್‌ಬಿಷಪ್ ಆದವರಿಗೆ ಕೊಡುತ್ತಾರೆ. ತಪ್ಪಿಸಿಕೊಂಡ ಮರಿಯನ್ನು ಕುರುಬ ಹೆಗಲ ಮೇಲೆ ಹೊತ್ತು ತರುತ್ತಾನಲ್ಲ, ಅದರ ಗುರುತು.

"ನೋಡು ಮಾದೇವಿ, ಕುರಿ ಬ್ಯಾಡಂತ ಓಡಿ ಬಂದೆ. ಕಡೀಕ ಪೋಪರ ಕರದು ಹೆಗಲ ಮ್ಯಾಲೆ ಕುರಿ ಹೊರಸಿದ್ರು." ನಕ್ಕರು. ಆಮೇಲೆ ಪಟ್ಟಿಯನ್ನು ಬೆಳಕಿಗೆ ಹಿಡಿದರು. ನುಸಿ ತಿಂದು ಅಲ್ಲಲ್ಲಿ ತೂತು ಬಿದ್ದಿತ್ತು. ನಗು ನಿಂತಿತು.

"ನಿವೃತ್ತಿ ಆದವರು ಇದನ್ನ ಹಾಕ್ಕೊಳ್ಳಾಂಗಿಲ್ಲ. ಸತ್ತಾಗ ಮಾತ್ರ ಹೆಗಲಿಗೆ ಹಾಕಿ ಮಣ್ಣ ಮಾಡ್ತಾರ. ಅಲ್ಲಿ ಮ್ಯಾಲೆ ನಮ್ಮಪ್ಪ ನಿಂತಿರ್ತಾನ. ನನ್ನ ನೋಡಿ ಮೊದಲ ಏನ್ ಕೇಳ್ತಾನ ಗೊತ್ತೇನು? ಕುರಿ ಎಲ್ಲಿ ಬಿಟ್ಟಿ ಅಂತ. ತೋರಸಾಕ ನನ್ನ ಹಂತೇಲಿ ಇದೊಂದ ಅದ. ಇದೂ ಹರದೈತಿ."

ನಾನು ಹೇಳಿದೆ, "ನಮ್ಮ ಅತ್ತಿ ಕೈಯಾಗ ಕೊಡ್ರಿ ಅಜ್ಜಾರ. ತೂತು ಎಲ್ಲಿತ್ತು ಅಂತ ನಿಮಗ ಗೊತ್ತಾಗಂಗಿಲ್ಲ."

ರೋಮಿನಿಂದ ಬಂದ ಉಣ್ಣೆಪಟ್ಟಿ ಪೇಪರಿನಲ್ಲಿ ಸುತ್ತಿಕೊಂಡು, ನನ್ನ ಬುತ್ತಿ ಚೀಲದಲ್ಲಿ ಖಾಲಿ ಡಬ್ಬಿಯ ಪಕ್ಕ ಕೂತು, ಕಾತ್ರಜ್ ಬಸ್ಸಿನಲ್ಲಿ ಧನಕವಡಿಗೆ ಬಂತು. ಅತ್ತೆ ಎರಡು ಬೆರಳಲ್ಲಿ ಹಿಸುಕಿ ನೋಡಿದರು. ಅವರ ಕಣ್ಣು ಅರಳಿತು. "ಮರಿ ಉಣ್ಣಿ! ಮೊದಲ ಕತ್ತರಿ!" ಎಂದರು. ಎರಡು ದಿನ ಅನ್ನ ನೀರು ಮರೆತು ತೂತುಗಳನ್ನೆಲ್ಲ ಹೆಣೆದು ಮುಚ್ಚಿದರು. ಅಷ್ಟಕ್ಕೇ ನಿಂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಂಬಳಿ ನೇಯ್ದಾದರೆ ಮುಗಿಯಿತು ಎಂದಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಕುದಿಸಿ ಗಂಜಿ ಮಾಡಿ ಹಚ್ಚಬೇಕು. ಒಣಗಿದ ಮೇಲೆ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತದೆ, ಮಳೆಹನಿ ಜಾರಿ ಹೋಗುತ್ತದೆ. ಗಂಜಿ ಹಾಕದ ಕಂಬಳಿಯನ್ನು ಗಿರಾಕಿಗೆ ಕೊಡುವುದೆಂದರೆ ಮದುಮಗಳನ್ನು ತಲೆ ಬಾಚದೆ ಕಳಿಸಿದಷ್ಟೇ ಅವಮಾನ. ನಾನು ಕೆಲಸದಿಂದ ಬರುವಷ್ಟರಲ್ಲಿ ನನ್ನ ಡಬ್ಬಿ ಖಾಲಿಯಾಗಿತ್ತು. ನಮ್ಮ ಮನೆಯ ಮಾಳಿಗೆಯಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ, ಪಕ್ಕದ ಮನೆಯವರ ಪಾಯಜಾಮದ ನೆರೆಯಲ್ಲಿ, ಆರ್ಚ್‌ಬಿಷಪ್ಪರ ಪ್ಯಾಲಿಯಂ ಹಾಲಿಗೆ ಚಹಾ ಬಿದ್ದ ಬಣ್ಣದಲ್ಲಿ ಒಣಗುತ್ತಿತ್ತು. ಮುಟ್ಟಿದೆ. ಟಕ್ ಎಂದಿತು.

"ಅತ್ತೀ! ಇದು ಕಂಬಳಿ ಅಲ್ರೀ!"

"ಉಣ್ಣಿ ಹೌದಲ್ಲ? ನನ್ನ ಕೈಯಿಂದ ಹಸಿ ಉಣ್ಣಿ ಹೊರಗ ಹೋಗಂಗಿಲ್ಲ. ದೊಡ್ಡ ಮನಷ್ಯಾರದು, ಕಡೀ ತನಕ ಬರಬೇಕಂದ್ಯಲ್ಲ? ಬರ್ತದ ಬಿಡು. ನುಸಿ ಹಲ್ಲು ಮುರೀತಾವ."

ಬರುವಾಗ ಮಡಚಿಕೊಂಡು ಬಂದದ್ದು ಈಗ ಮಡಚಲೇ ಒಲ್ಲದು. ಮರುದಿನ ತೋಳಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ನೋಡಿ, "ತಾಈ, ಸ್ಟೇರಿಂಗ್ ಘೇಊನ್ ಕುಠೇ ಚಾಲ್ಲಾ?" ಎಂದ. ಸ್ಟೇರಿಂಗ್ ತೆಗೆದುಕೊಂಡು ಎಲ್ಲಿಗೆ ಹೊರಟಿರಿ ಎಂದು. ಬಸ್ಸಿಗೆ ಬಸ್ಸೇ ನಕ್ಕಿತು.

ಫಾದರ್ ವಿಲ್ಸನ್ ನಗಲಿಲ್ಲ. ಬಾಗಿಲಲ್ಲೇ ತಡೆದು, ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದರು. ಅದು ಬಾಗಲಿಲ್ಲ. ಅವರ ಬಾಯಿ ಮಾತ್ರ ತೆರೆದುಕೊಂಡಿತು.

"ಎಂತ ಮಾಡಿದ್ದು ಮಾರಾಯ್ತಿ ನೀವು? ಇದು ರೋಮಿನಿಂದ ಬಂದದ್ದು! ನಾಳೆ ಬಿಷಪ್ಪರು ಕೇಳಿದ್ರೆ ನಾನು ಏನು ಹೇಳುವುದು? ಬಿಸಿನೀರಲ್ಲಿ ಹಾಕಿ ತೊಳೆಯುವ, ಈಗಲೇ."

"ಬಿಸಿನೀರಾಗ ಹಾಕಿದ್ರ ಉಣ್ಣಿ ಕುಗ್ಗಿ ಕೂಸಿನ ಕುಂಚಿಗಿ ಆಗ್ತದಂತ್ರಿ ಫಾದರ್, ಅತ್ತಿ ಮೊದಲ ಹೇಳ್ಯಾರ."

ಅಷ್ಟರಲ್ಲಿ ಅಜ್ಜಾರು ಕೋಲೂರಿಕೊಂಡು ಬಂದರು. ಪಟ್ಟಿ ಇಸಿದುಕೊಂಡು ಬೆರಳ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ ಟಕಟಕ ಬಡಿದರು. ಕಿವಿ ಇಟ್ಟರು. "ಒಳಗ ಯಾರರ ಅದೀರೇನ್ರೀ?" ಎಂದರು. ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ವಾಸನೆ ನೋಡಿದರು. ಆ ಬಿಜಾಪುರದ ಹಳ್ಳಿಯಲ್ಲಿ ಮೊದಲ ವರ್ಷ ಅವರು ಮಲಗಿದ್ದು ಹೊಸ ಕಂಬಳಿಯ ಮೇಲೆಯೇ ಅಂತೆ. "ಕರಕೊಂಡು ಬಾ ನಿಮ್ಮ ಅತ್ತೀನ" ಎಂದರು.

ಅತ್ತೆ ಬಂದರು. ಕ್ಷಮೆ ಕೇಳಲು ಬಂದಿದ್ದಾರೆ ಎಂದು ಫಾದರ್ ಕುರ್ಚಿ ಹಾಕಿಸಿದರು. ಅತ್ತೆ ನೆಲಕ್ಕೇ ಕೂತು, ಕಳಿಸಿದ ಮಾಲು ಹೇಗಿದೆ ಎಂದು ವಿಚಾರಿಸುವವರ ಹಾಗೆ ಕೇಳಿದರು, "ಹ್ಯಾಂಗ ಅದ್ರೀ ಅಜ್ಜಾರ?"

"ಭಾಳ ಗಟ್ಟಿ ಆಗೈತಿ ಬೀರವ್ವಾ."

"ಹೊದ್ದು ಹೊದ್ದು ಮೆತ್ತಗ ಆಗ್ತದ್ರಿ. ಗಂಜಿ ನೀರಿಗೆ ಬಿಡಂಗಿಲ್ಲ, ಮೈಗೆ ಬಿಡ್ತದ. ಒಂದು ವರ್ಷ ಹೊದೀರಿ."

"ನಾ ಹೊದಿಯಾಂಗಿಲ್ಲ. ನಮ್ಮಲ್ಲಿ ಹಂಗ ಕಟ್ಟಳಿ ಅದ."

"ಹಂಗಾರ ನಿಮ್ಮ ಜಾಗಾಕ್ಕ ಬಂದಾವ್ರು ಹೊದ್ದು ಮೆತ್ತಗ ಮಾಡಿ ಕೊಡ್ಲಿ."

"ಅವ್ರಿಗೆ ಅವ್ರದ ಬ್ಯಾರೆ ಅದ."

"ಈ ಸಣ್ಣ ಅಪ್ಪಾರು?" ಅತ್ತೆ ಫಾದರ್ ಕಡೆ ಕೈ ಮಾಡಿದರು. ಫಾದರ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ಇದೇ ನೋಡಿ ಬಿಕ್ಕಟ್ಟು. ಹೊದ್ದರೆ ಮಾತ್ರ ಮೆತ್ತಗಾಗುತ್ತದೆ. ಹೊದೆಯಬೇಕಾದವರು ಸಾಯುವವರೆಗೆ ಹೊದೆಯುವಂತಿಲ್ಲ. ಸತ್ತ ದಿನ ಹೆಗಲ ಮೇಲೆ ಕೂರಬೇಕು, ಈಗಿನ ಹಾಗೆ ಬಿಟ್ಟರೆ ಅದು ಎತ್ತಿನ ನೊಗದ ಹಾಗೆ ಮೇಲೆಯೇ ನಿಲ್ಲುತ್ತದೆ. ಅಜ್ಜಾರು ಗಡ್ಡ ನೀವಿಕೊಂಡು ಬಹಳ ವಿನಯದಿಂದ ಕೇಳಿದರು.

"ಫಾದರ್, ತಲಿ ಕೆಳಗ ಇಟ್ಕೊಂಡು ಮಲಗಬಾರದು ಅಂತ ಎಲ್ಲೆರ ಬರದಾರೇನ್ರೀ?"

ಫಾದರ್ ದಪ್ಪ ಪುಸ್ತಕ ತಂದರು. ಒಂದಾದ ಮೇಲೆ ಇನ್ನೊಂದು ತಂದರು. ಎಲ್ಲಿಯೂ ಬರೆದಿರಲಿಲ್ಲ. ಇಂಥ ದಿನ ಬರುತ್ತದೆಂದು ರೋಮಿನಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಅಂದಿನಿಂದ ಪ್ಯಾಲಿಯಂ ದಿಂಬಿನ ಮೇಲೆ ಬಂತು. ಬೆಳಿಗ್ಗೆ ಚಹಾ ಒಯ್ದಾಗ ಅಜ್ಜಾರ ಕೆನ್ನೆಯ ಮೇಲೆ ಒಂದು ಶಿಲುಬೆ ಮೂಡಿರುತ್ತಿತ್ತು. ರೇಷ್ಮೆಯ ಕಸೂತಿ ಒತ್ತಿದ್ದು. ತಿಂಡಿ ತಿನ್ನುವ ಹೊತ್ತಿಗೆ ಮಾಯವಾಗುತ್ತಿತ್ತು. "ಇವತ್ತ ಯಾವ ಕಡಿ ಅದ?" ಎಂದು ಕೇಳುತ್ತಿದ್ದರು. "ಎಡಗಡಿ ಅಜ್ಜಾರ" ಎನ್ನುತ್ತಿದ್ದೆ. "ಹಂಗಾರ ನಾಳೆ ಬಲಗಡಿ. ಎರಡೂ ಕಡೆ ಮೆತ್ತಗ ಆಗಬೇಕಲ್ಲ."

ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಎದೆ ಕಟ್ಟಿತು, ಆಸ್ಪತ್ರೆಗೆ ಒಯ್ದರು. ಪಟ್ಟಿಯನ್ನು ಜೊತೆಗೆ ಒಯ್ಯಲು ಯಾರೂ ಬಿಡಲಿಲ್ಲ. ಸ್ಟ್ರೆಚರಿನ ಮೇಲೆ ಹೋಗುತ್ತಲೇ ನನ್ನ ಸೆರಗು ಹಿಡಿದು ಹೇಳಿದರು, "ಮಾದೇವಿ, ನಡುವ ಮೆತ್ತಗ ಆಗ್ಯದ. ಬಾಲ ಇನ್ನ ಬಡಿಗಿ ಹಂಗ ಅದಾವ."

ಬಡಿಗೆ ಮೆತ್ತಗೆ ಮಾಡುವ ದಾರಿ ಅತ್ತೆಯನ್ನೇ ಕೇಳಿದೆ. "ಮೈ ಇಲ್ಲಂದ್ರ ಕೈ. ತಿಕ್ಕು" ಎಂದರು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯಲ್ಲಿ ಕೂತು, ಬಾಲವನ್ನು ಎರಡು ಅಂಗೈ ನಡುವೆ ಇಟ್ಟು, ಬತ್ತಿ ಹೊಸೆದ ಹಾಗೆ ತಿಕ್ಕುತ್ತಿದ್ದೆ. ಒಂದು ದಿನ ಫಾದರ್ ವಿಲ್ಸನ್ ಬಂದು ಬಾಗಿಲಲ್ಲಿ ನಿಂತರು. ಬೈಗುಳ ಬಂತು ಎಂದುಕೊಂಡೆ. ಅವರು ಸ್ಟೂಲು ಎಳೆದು ಎದುರಿಗೆ ಕೂತು, ಇನ್ನೊಂದು ಬಾಲ ಕೈಗೆ ತೆಗೆದುಕೊಂಡರು. ಒಂದು ಕಡೆ ಅವರ ತುಟಿಯಲ್ಲಿ ಜಪ, ಇನ್ನೊಂದು ಕಡೆ ನನ್ನ ಒಲೆಯ ಮೇಲೆ ಬೇಳೆ.

"ಇದು ನಾನು ಮಾಡಿದ್ದು ಯಾರಿಗೂ ಹೇಳ್ಬೇಡಿ ಆಯ್ತಾ" ಎಂದರು ಕೊನೆಗೆ.

"ಯಾಕ ಹೇಳ್ಲಿ ಫಾದರ್" ಎಂದೆ. ಈಗ ಬರೆಯುತ್ತಿದ್ದೇನೆ. ಬರೆಯಬಾರದು ಎಂದು ಅವರು ಹೇಳಿರಲಿಲ್ಲ. ಇಂಥ ದಾರಿಗಳನ್ನೆಲ್ಲ ನನಗೆ ಕಲಿಸಿದವರು ಅಜ್ಜಾರೇ.

ಅಜ್ಜಾರು ಆಸ್ಪತ್ರೆಯಿಂದ ಬಂಗಲೆಗೆ ಬಂದರು, ಆದರೆ ಅಂಗಳದ ಕಟ್ಟೆಯವರೆಗೆ ಬರಲಿಲ್ಲ. ಹಾಸಿಗೆಯಲ್ಲೇ ಪಟ್ಟಿಯನ್ನು ತಡವಿ ನೋಡಿದರು. ಬೆನ್ನಿನ ಬಾಲ ಬಾಗುತ್ತಿತ್ತು, ಅದು ಫಾದರ್ ಹಿಡಿದದ್ದು. ಎದೆಯ ಬಾಲ ನನ್ನದು, ತುದಿ ಇನ್ನೂ ಗಟ್ಟಿ. ಅಡುಗೆಯವಳ ಕೈಗೆ ಬಿಡುವು ಎಲ್ಲಿ ಸಿಗುತ್ತದೆ ಹೇಳಿ. "ಇನ್ನ ಎಂಟ ದಿನ ಕೊಡ್ರಿ ಅಜ್ಜಾರ" ಎಂದೆ. "ನನ್ನ ಕೈಯಾಗ ಅದ ಏನವಾ ಅದು?" ಎಂದು ನಕ್ಕರು. ಎಂಟು ದಿನ ಸಿಗಲಿಲ್ಲ.

ಶವಪೆಟ್ಟಿಗೆಯನ್ನು ಬಂಗಲೆಯ ಪ್ರಾರ್ಥನಾ ಕೋಣೆಯಲ್ಲಿ ಇಟ್ಟಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಬಿಷಪ್ಪರು, ಜನ ಎಲ್ಲ ಬರುವವರು. ಫಾದರ್ ವಿಲ್ಸನ್ ಅಜ್ಜಾರ ತಲೆ ಮೆಲ್ಲಗೆ ಎತ್ತಿ ಪಟ್ಟಿ ತೊಡಿಸಿದರು. ತಲೆಯ ಭಾರಕ್ಕೆ ಪಳಗಿದ ಭಾಗ ಹೆಗಲಿಗೆ ಚೆನ್ನಾಗಿ ಕೂತಿತು. ಎದೆಯ ಮೇಲಿನ ಬಾಲ ಕೂರಲಿಲ್ಲ. ಒತ್ತಿದರು, ಕೂತಿತು, ಕೈ ತೆಗೆದರು, ಮೆಲ್ಲಗೆ ಎದ್ದು ಅಜ್ಜಾರ ಗಡ್ಡದ ಕಡೆ ಮುಖ ಮಾಡಿ ನಿಂತಿತು. ಮತ್ತೆ ಒತ್ತಿದರು, ಮತ್ತೆ ಎದ್ದಿತು. ಕೋಣೆಯ ತುಂಬ ಊದುಬತ್ತಿಯ ಹೊಗೆಯ ನಡುವೆ ಹುಣಸೆ ಬೀಜದ ವಾಸನೆ. ಫಾದರ್ ಹಣೆಯಲ್ಲಿ ಬೆವರು. ನನ್ನ ಎಂಟು ದಿನ ನನ್ನ ಕಣ್ಣೆದುರೇ ಎದ್ದು ನಿಂತಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಹಿಂದೆ ಗೋಡೆಗೆ ನಿಂತಿದ್ದ ಅತ್ತೆ ಮುಂದೆ ಬಂದರು. ಪೆಟ್ಟಿಗೆಯೊಳಗೆ ಬಗ್ಗಿ, ತಲೆ ಓರೆ ಮಾಡಿ ನೋಡಿದರು. ಬಿಳಿ ಉಣ್ಣೆ ಹೆಗಲ ಸುತ್ತ ಮಲಗಿತ್ತು, ಆ ತುದಿಯೊಂದು ಮಾತ್ರ ಗಲ್ಲದ ಹತ್ತಿರ ಚಾಚಿಕೊಂಡಿತ್ತು. ಅತ್ತೆ ಫಾದರ್ ವಿಲ್ಸನ್ ಅವರ ಕೈ ಮೇಲೆ ತಮ್ಮ ಕೈ ಇಟ್ಟು ತಡೆದರು.

"ಇರ್ಲಿ ಬಿಡ್ರಿ ಅಪ್ಪಾರ. ಮರಿ ಹೊತ್ತಾಗ ಕಾಲು ಹಂಗ ಹೊರಗ ಬರ್ತದ."

ಫಾದರ್ ಒಂದು ಕ್ಷಣ ನೋಡಿದರು. ಆಮೇಲೆ ಕೈ ತೆಗೆದರು.